ಮನೆಯ ಪೋಕರ್ ಆಟಕ್ಕೆ ಬ್ಲೈಂಡ್ ಎಷ್ಟಿರಬೇಕು?

ಪ್ರಶ್ನೆ (ಮಡಿಕೇರಿ): ಮಳೆಗಾಲದ ಸಂಜೆ ನಮ್ಮ ತೋಟದ ಮನೆಯಲ್ಲಿ ಏಳು ಮಂದಿ ನೆಂಟರು ನೋ-ಲಿಮಿಟ್ (ಪಣಕ್ಕೆ ಮೇಲ್ಮಿತಿ ಇಲ್ಲದ) ಪೋಕರ್ ಆಡುತ್ತೇವೆ. ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ) 5 ಮತ್ತು 10 ರೂಪಾಯಿ, ಬೈ-ಇನ್ (ಆಟಕ್ಕೆ ಕೂರುವಾಗ ಒಬ್ಬೊಬ್ಬರು ಹಾಕುವ ಹಣ) 200. ಅರ್ಧ ಗಂಟೆಯೊಳಗೆ ಯಾರಾದರೂ ಎಲ್ಲವನ್ನೂ ಕಳೆದುಕೊಂಡು ಸುಮ್ಮನೆ ಕೂರುತ್ತಾರೆ. ಏನು ಬದಲಿಸಬೇಕು?

ಉತ್ತರ (ವಿರಾಜಪೇಟೆ): ನಿಮ್ಮ ಬೈ-ಇನ್ ದೊಡ್ಡ ಬ್ಲೈಂಡಿನ 20 ಪಟ್ಟು ಮಾತ್ರ, ಒಬ್ಬರು ಪಣವನ್ನು 30ಕ್ಕೆ ಏರಿಸಿ ಇನ್ನಿಬ್ಬರು ಅಷ್ಟೇ ಹಾಕಿದರೆ ನಡುವೆ 90 ರೂಪಾಯಿ ಸೇರಿ, ಮುಂದಿನ ಒಂದೆರಡು ಪಣಗಳಲ್ಲೇ ಕೈ ಬರಿದಾಗುತ್ತದೆ. ಅದೇ 200 ರೂಪಾಯಿಗೆ ಬ್ಲೈಂಡ್ 1 ಮತ್ತು 2 ಇಟ್ಟರೆ 100 ಪಟ್ಟಾಗಿ, ಯೋಚಿಸಿ ಆಡಲು ಜಾಗ ಸಿಗುತ್ತದೆ.

ಉತ್ತರ (ಸೋಮವಾರಪೇಟೆ): ಮರು ಬೈ-ಇನ್‌ಗೂ ಮಿತಿ ಇರಲಿ. ಕಳೆದ ಹುತ್ತರಿಯಂದು ನಮ್ಮಲ್ಲಿ ಕಿರಿಯನೊಬ್ಬ ಐದು ಬಾರಿ ಹಣ ಹಾಕಿ, ಊಟಕ್ಕೂ ಕೂರದೆ ಹೊರಟುಹೋದ. ನನಗೆ ಬಹಳ ನೋವಾಯಿತು. ಈಗ ಒಬ್ಬರಿಗೆ ಎರಡೇ ಬಾರಿ.