ಅಗ್ರಿಮೆಂಟಿಗೆ ಸಹಿ ಆಗಿಲ್ಲ, ಅಂಗಡಿ ನಡೆಯುತ್ತಿದೆ. ಬಿಡಿ ಅಂದರೆ ಬಿಡಲೇಬೇಕಾ?

ಶಿರಸಿ_ಅಪ್ಪೆಮಿಡಿ:
ಸಿ.ಪಿ. ಬಜಾರಿನ ಹತ್ತಿರ ನಮ್ಮದೊಂದು ಅಂಗಡಿ. ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಜೋನಿ ಬೆಲ್ಲ, ಒಣಗಿಸಿದ ಮುರುಗಲು ಸಿಪ್ಪೆ, ಇಂಥವೆಲ್ಲ. ಹಿಡಿಯುವಾಗ ಐದು ವರ್ಷ ಅಂತ ಮಾತಾಗಿತ್ತು. ಕರಡು ವಾಟ್ಸಾಪಿನಲ್ಲಿ ಆಚೀಚೆ ಓಡಾಡಿತು. ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುವುದು ಅನ್ನುವಲ್ಲಿ ನಿಂತುಹೋಯಿತು. ಅಡ್ವಾನ್ಸ್ ಕೊಟ್ಟಾಗಿದೆ, ಕೀ ಸಿಕ್ಕಿದೆ, ತಿಂಗಳು ತಿಂಗಳು ಬಾಡಿಗೆ ಅವರ ಖಾತೆಗೆ ಹೋಗುತ್ತಿದೆ.

ಈಗ ಮಾರಿಕಾಂಬಾ ಜಾತ್ರೆ ಹತ್ತಿರ ಬಂತು. ಎರಡು ವರ್ಷಕ್ಕೊಮ್ಮೆ ಬರುವ ವ್ಯಾಪಾರ ಅಲ್ವಾ, ಜಾಸ್ತಿ ಕೊಡುವವರು ಯಾರೋ ಸಿಕ್ಕಿರಬೇಕು. ಮಾಲೀಕರ ಮಗ ಬಂದು, "ಸಹಿನೇ ಆಗಿಲ್ಲ, ನಿಮಗೆ ಹಕ್ಕೇ ಇಲ್ಲ, ವಾರದೊಳಗೆ ಬಿಡದಿದ್ರೆ ನಮ್ಮ ಬೀಗ ಬೀಳುತ್ತೆ" ಅಂದರು. ಗೋಡೆಗೆ ಹಲಸಿನ ಹಲಗೆಯ ಕಪಾಟು ಹೊಡೆಸಿದ್ದೇನೆ, ಅದರ ಗತಿ ಏನು?

ಕುಮಟೆಯವ:
ಗಟ್ಟಿಯಾಗಿ ಕೂತ್ಕೊಳ್ಳಿ ಮಾರಾಯ್ರೆ. ಐದು ವರ್ಷ ಅಂತ ಮೆಸೇಜ್ ಇದೆಯಲ್ಲ, ಯಾರೂ ಅಲುಗಾಡಿಸೋಕೆ ಆಗಲ್ಲ.

ಕಾರವಾರ_ಕರಿಕೋಟು:
ಸುಮ್ನೆ ಧೈರ್ಯ ತುಂಬಬೇಡಿ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು: 1882ರ ಆಸ್ತಿ ವರ್ಗಾವಣೆ ಕಾಯ್ದೆ, ಸೆಕ್ಷನ್ 107. ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡುವುದೂ ಇದನ್ನು ತಪ್ಪಿಸೋಕೇ. ವಾಟ್ಸಾಪ್ ತೋರಿಸಿ ಐದು ವರ್ಷ ಕೇಳಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಹಾಗಂತ ಇವರು ನುಗ್ಗಿ ಕೂತವರೂ ಅಲ್ಲ. ಕೀ ಕೊಟ್ಟು ಬಾಡಿಗೆ ತಗೊಂಡ ಮೇಲೆ ಬಾಯಿಮಾತಿನ ಬಾಡಿಗೆಯೂ ಬಾಡಿಗೆಯೇ. ಅದೇ ಕಾಯ್ದೆಯ ಸೆಕ್ಷನ್ 106ರ ಪ್ರಕಾರ ಇವರು ತಿಂಗಳ ಲೆಕ್ಕದ ಬಾಡಿಗೆದಾರರು. ಬಿಡಿಸಬೇಕಿದ್ದರೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ಅವರು ದಾವೆ ಹೂಡಬೇಕೇ ಹೊರತು ಬೀಗ ಹಾಕುವಂತಿಲ್ಲ. ಹಾಕಿಯೇಬಿಟ್ಟರೆ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್, ಸೆಕ್ಷನ್ 6ರಡಿ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ. ಮಾಲೀಕರು ಯಾರು ಅಂತ ಅಲ್ಲಿ ಕೇಳುವುದಿಲ್ಲ, ಜಾಗ ಯಾರ ಕೈಯಲ್ಲಿತ್ತು ಅಂತಷ್ಟೇ ನೋಡುತ್ತಾರೆ.

ಅಂಗಡಿ ಎಷ್ಟು ದೊಡ್ಡದು? 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆ ಇಲ್ಲ.

ಶಿರಸಿ_ಅಪ್ಪೆಮಿಡಿ:
ಅದಕ್ಕಿಂತ ದೊಡ್ಡದೇ. ಹಾಗಾದರೆ ನೋಟಿಸ್ ಕೊಟ್ಟರೆ ಜಾತ್ರೆಗೆ ಮೊದಲೇ ಹೊರಗಾ?

ಕಾರವಾರ_ಕರಿಕೋಟು:
ನೋಟಿಸ್ ಕೊಟ್ಟ ಹದಿನಾರನೇ ದಿನ ಯಾರೂ ಎತ್ತಿ ಹಾಕುವುದಿಲ್ಲ, ಕೋರ್ಟಿನ ಡಿಕ್ರಿ ಬೇಕು. ಆದರೆ ವರ್ಷಗಟ್ಟಲೆ ಎಳೆದರೆ ನಷ್ಟ ಕಟ್ಟಿಕೊಡಬೇಕಾದೀತು. ಜಾತ್ರೆ ಮುಗಿಯುವ ತನಕ ಅಂತ ಒಂದು ತಾರೀಕು ಬರೆಸಿಕೊಂಡು ರಾಜಿ ಆಗುವುದೇ ಲಾಭ ಅಂತ ನನಗನಿಸುತ್ತೆ.

ಕಪಾಟು ನಿಮ್ಮದೇ. ಬೇರೆ ಕರಾರು ಇಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108ರ ಪ್ರಕಾರ ಬಿಚ್ಚಿಕೊಂಡು ಹೋಗಬಹುದು. ಜಾಗ ನಿಮ್ಮ ಕೈಯಲ್ಲಿರುವಾಗಲೇ ಬಿಚ್ಚಿ, ಮೊಳೆಯ ತೂತು ಮುಚ್ಚಿಸಿ ಕೊಡಿ. ಅಲ್ಲಿಯ ತನಕ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ನಗದು ಬೇಡ, ಖಾತೆಗೇ ಹಾಕಿ, ಯಾವ ತಿಂಗಳದ್ದು ಅಂತಲೂ ಬರೆಯಿರಿ.