ಸಹಾಯ ಬೇಕು: ಮೈಸೂರಿಂದ ಮಂಡ್ಯಕ್ಕೆ ಡ್ರೈ ಐಸ್ ಒಯ್ಯಲು ಗೂಡ್ಸ್ ಆಟೋ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಂಡ್ಯದಲ್ಲಿ ಅಕ್ಕನ ಮಗಳ ಆರತಕ್ಷತೆ. ಐಸ್‌ಕ್ರೀಂ ಕರಗದಿರಲಿ ಅಂತ ಮೈಸೂರಿಂದ 10 ಕೆಜಿ ಡ್ರೈ ಐಸ್ ಒಯ್ಯಬೇಕು. ಹಿಂದೆ ತೆರೆದಿರುವ ಗೂಡ್ಸ್ ಆಟೋ ಇರುವವರು ಯಾರಾದರೂ ಬರುತ್ತೀರಾ? ಬಾಡಿಗೆ ಕೊಡುತ್ತೇವೆ.

"ಕಾರಲ್ಲೇ ಹಾಕ್ಕೊಂಡು ಹೋಗೋಣ, ಏಸಿ ಇದೆಯಲ್ಲ" ಅಂತಾರೆ ಭಾವ. ನನಗೆ ಅದೇ ಭಯ. ಇದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ನೀರಾಗದೆ ನೇರವಾಗಿ ಗ್ಯಾಸ್ ಆಗುತ್ತದೆ, 1 ಕೆಜಿಗೆ 500 ಲೀಟರಿಗೂ ಜಾಸ್ತಿ. ಗಾಜು ಏರಿಸಿದ ಕಾರಲ್ಲಿ ಅದು ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ವಾಸನೆಯೂ ಇರಲ್ಲ, ಗೊತ್ತಾಗೋದು ಹೇಗೆ?

ಅಡುಗೆಯವರು ಬಿಗಿ ಮುಚ್ಚಳದ ಕ್ಯಾನ್ ಕೊಡುತ್ತೇವೆ ಅಂದರು. ಬೇಡವೇ ಬೇಡ ಅಂದೆ. ಗ್ಯಾಸಿಗೆ ದಾರಿ ಇಲ್ಲದಿದ್ದರೆ ಒತ್ತಡ ಏರಿ ಕ್ಯಾನೇ ಸಿಡಿಯುತ್ತದೆ. ಮುಚ್ಚಳ ಸಡಿಲವಾಗಿ ಕೂರುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಬೇಕು, ಮೀನಿನ ಅಂಗಡಿಯಲ್ಲಿ ಇರುತ್ತಲ್ವಾ, ಅಂಥದ್ದು. ಮಂಡಿ ಮೊಹಲ್ಲಾ ಕಡೆ ಹೊಸದು ಸಿಗುತ್ತಾ?

ದಪ್ಪ ಕೈಗವಸು ಇದ್ದವರು ಒಂದು ದಿನಕ್ಕೆ ಕೊಡಿ. ಬರಿಗೈಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗಾಗುತ್ತದೆ.

ಛತ್ರದಲ್ಲಿ ಪೆಟ್ಟಿಗೆ ಕಾಯಲು ದೊಡ್ಡವರೊಬ್ಬರು ಬೇಕು. ರೀಲ್ಸ್ ಹುಚ್ಚಿನ ಹುಡುಗರು ಸುಮ್ನೆ ಒಂದು ಚೂರನ್ನು ನೀರಿನ ಬಾಟಲಿಗೆ ಹಾಕಿ ಬಿರಡೆ ತಿರುಗಿಸಿದರೆ ಅದೇ ಬಾಂಬ್. ಮಂಡ್ಯದವರೇ ಆದರೆ ಒಳ್ಳೆಯದು, ಊಟ ನಮ್ಮಲ್ಲೇ. ಇಲ್ಲೇ ಮೆಸೇಜ್ ಹಾಕಿ.