ಮಡಿಕೇರಿ ಹತ್ತಿರ 200 ಲೀಟರ್ ಹವಳದ ಟ್ಯಾಂಕ್, ಯಾವ ಕಂಟ್ರೋಲರ್ ತಗೊಳ್ಳಲಿ?

ಮಂಜುಮನೆ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಎರಡು ವರ್ಷದಿಂದ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೇನೆ, ಕೆಳಗೆ ಸಂಪ್, ಅಂದರೆ ನೀರು ಸೋಸಿ ವಾಪಸ್ ಕಳಿಸೋ ಇನ್ನೊಂದು ತೊಟ್ಟಿ, ಇದೆ. ಒಂದು ಜೋಡಿ ಕ್ಲೌನ್ ಮೀನು, ಝೋವಾಂಥಸ್, ಮಶ್ರೂಮ್, ಒಂದು ಲೆದರ್ ಅನ್ನೋ ಮೆತ್ತನೆ ಹವಳಗಳು, ಇಷ್ಟೇ. ಹೀಟರ್, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋದು), ಲೈಟು ಎಲ್ಲ ಬೇರೆ ಬೇರೆ ಟೈಮರಲ್ಲಿ ನಡೀತಿದೆ, ಆವಿಯಾದ ನೀರನ್ನು ದಿನಾ ಬೆಳಿಗ್ಗೆ ಕೈಯಲ್ಲೇ ತುಂಬಿಸ್ತೇನೆ.

ಹೋದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಮೈಸೂರಿಗೆ ಹೋಗಿದ್ದೆ. ಆ ರಾತ್ರಿಯೇ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು, ಎರಡು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಬೆಳಗ್ಗೆಯೊಳಗೆ ಖಾಲಿ. ವಾಪಸ್ ಬಂದಾಗ ನೀರು 19 ಡಿಗ್ರಿ, ಝೋವಾಂಥಸ್ ಅರ್ಧ ಕರಗಿ ಹೋಗಿತ್ತು, ಮೀನು ಮೇಲೆ ಬಂದು ಬಾಯಿ ತೆರೆದುಕೊಂಡು ನಿಂತಿತ್ತು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತೆ.

ಅದಕ್ಕೆ ಈ ಸಲ ಮಳೆಗೆ ಮೊದಲು ಹೀಟರ್, ಪಂಪ್, ಲೈಟು ಎಲ್ಲ ತಾನೇ ಆನ್ ಆಫ್ ಮಾಡಿ ಫೋನಿಗೆ ಸುದ್ದಿ ಕಳಿಸೋ ಕಂಟ್ರೋಲರ್ ಹಾಕಿಸೋಣ ಅಂತ. ತಯಾರಾಗಿ ಸಿಗೋ ಎಪೆಕ್ಸ್, ಪ್ರೊಫಿಲಕ್ಸ್, ಹೈಡ್ರೋಸ್ ಇವುಗಳಲ್ಲಿ ಒಂದು ತಗೊಳ್ಳಲಾ, ಇಲ್ಲಾ ರೀಫ್-ಪೈ ನಾನೇ ಜೋಡಿಸಲಾ? ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಯಾರಾದರೂ ಇಂಥ ಊರಲ್ಲಿ ಇಟ್ಟು ನೋಡಿದವರು ಹೇಳಿ.

ಹೂಮಳೆ (ಗೋಣಿಕೊಪ್ಪ)

ಅಣ್ಣ, ಓದಿ ಬೇಜಾರಾಯ್ತು. ಆದರೆ ಒಂದು ಮಾತು ನೇರವಾಗಿ ಹೇಳ್ತೇನೆ. ಆ ರಾತ್ರಿ ನಿಮ್ಮ ಹತ್ತಿರ ಅತಿ ದುಬಾರಿ ಕಂಟ್ರೋಲರ್ ಇದ್ದಿದ್ದರೂ ಅದು ಮಾಡ್ತಿದ್ದುದು ಒಂದು ಮೆಸೇಜ್ ಕಳಿಸೋದು ಮಾತ್ರ, ಅದೂ ರೂಟರ್ ನಡೀತಿದ್ದರೆ. ಕರೆಂಟ್ ಇಲ್ಲದ ಮೇಲೆ ಆನ್ ಆಫ್ ಮಾಡಲು ಏನಿರುತ್ತೆ? ಹಾಗಾಗಿ ದುಡ್ಡು ಮೊದಲು ಬ್ಯಾಕಪ್ಪಿಗೆ.

ಲೆಕ್ಕ ಹಾಕಿ ನೋಡಿ. 12 ವೋಲ್ಟ್ 150 ಎಎಚ್ ಅಂದರೆ 1800 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಬರಿದು ಮಾಡಿದರೆ ಅದರ ಆಯಸ್ಸು ಕಡಿಮೆ, ಅಂದರೆ ಕೈಗೆ ಸಿಗೋದು ಸುಮಾರು 900. 200 ವ್ಯಾಟ್ ಹೀಟರ್ ಅದನ್ನು ನಾಲ್ಕೂವರೆ ಗಂಟೆಯಲ್ಲಿ ತಿಂದು ಮುಗಿಸುತ್ತೆ. ನಿಮ್ಮ ಇನ್ವರ್ಟರ್ ಖಾಲಿಯಾಗಿದ್ದು ಹೀಟರಿಂದಲೇ ಇರಬೇಕು. ಅದೇ ಬ್ಯಾಟರಿಗೆ 10 ವ್ಯಾಟಿನ ಡಿಸಿ ವೇವ್‌ಮೇಕರ್ (ನೀರು ಅಲುಗಾಡಿಸೋ ಪಂಪ್) ನೇರವಾಗಿ ಕೊಟ್ಟರೆ ಮೂರು ದಿನಕ್ಕೂ ಮೇಲೆ ನಡೆಯುತ್ತೆ. ನೇರವಾಗಿ ಅಂತ ಯಾಕೆ ಹೇಳ್ತಿದ್ದೇನೆ ಅಂದರೆ, ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಾನೇ ಒಂದಷ್ಟು ಕರೆಂಟ್ ಕುಡಿಯುತ್ತೆ. 24 ವೋಲ್ಟಿನ ವೇವ್‌ಮೇಕರ್ ಆದರೆ ಮಧ್ಯೆ ವೋಲ್ಟ್ ಏರಿಸೋ ಒಂದು ಸ್ಟೆಪ್-ಅಪ್ ಬೋರ್ಡ್ ಬೇಕು.

ನೀರು ತಣ್ಣಗಾಗೋದು ನಿಧಾನ, ಆಮ್ಲಜನಕ ಕಡಿಮೆಯಾಗೋದು ಬೇಗ. ನಿಮ್ಮ ಮೀನು ಮೇಲೆ ಬಂದು ನಿಂತಿದ್ದು ಅದಕ್ಕೇ. ನೀರು ಅಲುಗಾಡ್ತಾ ಇರಲಿ, ಟ್ಯಾಂಕಿನ ಮೂರು ಬದಿಗೆ ಥರ್ಮೋಕೋಲ್ ಇಟ್ಟು ಮೇಲೆ ಕಂಬಳಿ ಹೊದಿಸಿ. ನಾನು ಎರಡು ಮಳೆಗಾಲ ಹೀಗೇ ದಾಟಿಸಿದ್ದೇನೆ. ಆದರೆ ಕಂಬಳಿ ನೀರಿಗೆ ತಾಗಬಾರದು, ಗಾಳಿ ಆಡಲು ಒಂದು ಬದಿ ಬಿಡಿ.

ಕಾವೇರಿದಡ (ಕುಶಾಲನಗರ)

ಅಕ್ಕ ಹೇಳಿದ್ದು ಸರಿ. ನಾನು ಮೂರು ವರ್ಷದಿಂದ ಎಪೆಕ್ಸ್ ಇಟ್ಟಿದ್ದೇನೆ, ಸೆಕೆಂಡ್ ಹ್ಯಾಂಡ್. ಕೊಳ್ಳೋ ಮೊದಲು ಅದರ ಪವರ್ ಬಾರ್, ಅಂದರೆ ಪ್ಲಗ್ ಹಾಕೋ ಪಟ್ಟಿ, ನೋಡಿ. ಅಮೆರಿಕದ ಮಾದರಿ 120 ವೋಲ್ಟಿಗೆ, ನಮ್ಮದು 230. ಅಲ್ಲಿಂದ ನೆಂಟರು ತಂದುಕೊಡ್ತಾರೆ ಅಂತ ಖುಷಿಪಟ್ಟು ತರಿಸಿದರೆ ಆ ಬಾರ್ ಇಲ್ಲಿ ನಡೆಯೋದಿಲ್ಲ. ಯುರೋಪಿನ ಮಾದರಿಯೇ ಬೇಕು. ಪ್ರೊಫಿಲಕ್ಸ್ ಜರ್ಮನಿಯದ್ದು, ಅದಕ್ಕೆ ಈ ತಲೆನೋವು ಇಲ್ಲ, ಆದರೆ ಮೊದಲ ಸಲ ಸೆಟ್ಟಿಂಗ್ ಮಾಡಲು ಎರಡು ಮೂರು ಸಂಜೆ ಕೂರಬೇಕು.

ಇಂಟರ್ನೆಟ್ ಹೋದರೂ ಎಪೆಕ್ಸ್ ಒಳಗಿನ ಪ್ರೋಗ್ರಾಂ ನಡೀತಾನೇ ಇರುತ್ತೆ, ನಿಮಗೆ ಸುದ್ದಿ ಬರೋದು ಮಾತ್ರ ನಿಲ್ಲುತ್ತೆ. ನಮ್ಮ ಮಳೆಯಲ್ಲಿ ಇದು ದೊಡ್ಡ ವಿಷಯ. ಯಾವ ಕಂಟ್ರೋಲರ್ ನೋಡಿದರೂ ಮೊದಲು ಇದನ್ನೇ ಕೇಳಿ. ಇನ್ನೊಂದು ಫಾಲ್‌ಬ್ಯಾಕ್. ಬಾರಿಗೂ ಮುಖ್ಯ ಪೆಟ್ಟಿಗೆಗೂ ಸಂಪರ್ಕ ತಪ್ಪಿದರೆ ಒಂದೊಂದು ಪ್ಲಗ್ ಆನ್ ಆಗಿರಬೇಕೋ ಆಫ್ ಆಗಿರಬೇಕೋ ಅಂತ ಮೊದಲೇ ಬರೆದಿಡಬಹುದು. ಸಂಪಿನ ನೀರು ಮೇಲೆ ಕಳಿಸೋ ರಿಟರ್ನ್ ಪಂಪ್ ಆನ್, ನೀರು ತುಂಬಿಸೋ ಪಂಪ್ ಆಫ್, ಪೋಷಕ ದ್ರಾವಣ ಹನಿಸೋ ಡೋಸಿಂಗ್ ಆಫ್.

ಕ್ಷಾರತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ತಾನೇ ಅಳೆಯೋ ಎಪೆಕ್ಸಿನ ಟ್ರೈಡೆಂಟ್ ಯಂತ್ರದ ಬಗ್ಗೆ ಆಸೆ ಹುಟ್ಟುತ್ತೆ. ನಿಮಗೆ ಬೇಡ. ಅದು ಗಟ್ಟಿ ಹವಳ ತುಂಬ ಇಟ್ಟವರಿಗೆ. ಅಂದ ಹಾಗೆ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ನಮ್ಮ ಸಮುದ್ರದಿಂದ ಕಿತ್ತು ತಂದಿದ್ದನ್ನು ಯಾರಾದರೂ ಅಗ್ಗಕ್ಕೆ ಕೊಡ್ತೇನೆ ಅಂದರೆ ದಯವಿಟ್ಟು ತಗೋಬೇಡಿ.

ಮಂಜುಮನೆ (ಮಡಿಕೇರಿ)

ಇಬ್ಬರಿಗೂ ತುಂಬ ಥ್ಯಾಂಕ್ಸ್. ಹೀಟರ್ ಇನ್ವರ್ಟರಿಗೇ ಹಾಕಿದ್ದೆ, ಅಕ್ಕ ಹೇಳಿದ ಹಾಗೇ ಆಗಿದೆ. ಎರಡು ಪ್ರಶ್ನೆ. ರೀಫ್-ಪೈ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಮಳೆಗಾಲದಲ್ಲಿ ಪಿಎಚ್ 7.8ಕ್ಕೆ ಇಳಿಯುತ್ತೆ, ಬೇಸಿಗೆಯಲ್ಲಿ 8.2 ಇರುತ್ತೆ. ಕಂಟ್ರೋಲರ್ ಇದನ್ನು ಸರಿ ಮಾಡುತ್ತಾ?

ತಂತಿಪೆಟ್ಟಿಗೆ (ವಿರಾಜಪೇಟೆ)

ಪಿಎಚ್ ವಿಷಯ ಮೊದಲು. ಮಳೆಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿರ್ತೀರಿ, ಒಳಗೆ ನಾಲ್ಕು ಜನ, ಒಲೆ ಬೇರೆ. ಮನೆಯೊಳಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ನೀರಿಗೆ ಸೇರುತ್ತೆ, ಪಿಎಚ್ ಇಳಿಯುತ್ತೆ. ಸ್ಕಿಮ್ಮರ್ ಗಾಳಿ ಎಳೆಯೋ ಪೈಪನ್ನು ಕಿಟಕಿಯಿಂದ ಹೊರಗೆ ಬಿಡಿ, ಬಚ್ಚಲೊಲೆ ಹೊಗೆ ಬರೋ ಕಡೆ ಬೇಡ. ಪಿಎಚ್ ನೋಡಿ ಔಷಧಿ ಸುರಿಯೋ ಹಾಗೆ ಕಂಟ್ರೋಲರಿಗೆ ಹೇಳಲೇಬೇಡಿ. ಪಿಎಚ್ ಅಳೆಯೋ ಪ್ರೋಬ್ ತಿಂಗಳು ಕಳೆದ ಹಾಗೆ ಸುಳ್ಳು ಹೇಳಲು ಶುರು ಮಾಡುತ್ತೆ, ಆಗಾಗ ಪಿಎಚ್ 7 ಮತ್ತು 10ರ ದ್ರಾವಣದಲ್ಲಿ ಸರಿ ಮಾಡ್ತಿರಬೇಕು. ಅದನ್ನು ನಂಬಿ ಡೋಸ್ ಮಾಡೋದು ಅಪಾಯ.

ರೀಫ್-ಪೈ ನಾನು ಇಟ್ಟಿದ್ದೇನೆ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಉಷ್ಣತೆಗೆ ಡಿಎಸ್18ಬಿ20 ಸೆನ್ಸರ್, ಪ್ಲಗ್ ಆನ್ ಆಫ್ ಮಾಡೋ ರಿಲೇ ಬೋರ್ಡ್. ಸಾಫ್ಟ್‌ವೇರ್ ಉಚಿತ, ಎಲ್ಲ ಮನೆಯೊಳಗೇ ನಡೆಯುತ್ತೆ. ಕೆಟ್ಟರೆ ಬಿಡಿಭಾಗ ಮೈಸೂರಲ್ಲೇ ಸಿಗುತ್ತೆ, ಇದು ನನಗೆ ತುಂಬ ಮುಖ್ಯ. ಆದರೆ 230 ವೋಲ್ಟ್ ರಿಲೇ ಉಪ್ಪುನೀರಿನ ಪಕ್ಕ ಇರೋದು ಆಟದ ವಿಷಯ ಅಲ್ಲ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡೋ ಸ್ವಿಚ್) ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಪಂಪನ್ನು ರಿಲೇಯ ನಾರ್ಮಲಿ ಕ್ಲೋಸ್ಡ್ ಕಡೆಗೆ ಕೊಡಿ, ಪೈ ಸತ್ತರೂ ಪಂಪ್ ನಡೆಯಲಿ. ಹೀಟರ್ ನಾರ್ಮಲಿ ಓಪನ್ ಕಡೆಗೆ, ಪೈ ಸತ್ತರೆ ಅದು ಆಫ್ ಆಗಲಿ. ಕರೆಂಟ್ ಪಟ್ ಅಂತ ಹೋಗಿ ಬಂದರೆ ಪೈ ಮೆಮೊರಿ ಕಾರ್ಡ್ ಕೆಡುತ್ತೆ, ಅದಕ್ಕೆ ಸಣ್ಣ ಯುಪಿಎಸ್ ಬೇಕು, ತಯಾರು ಮಾಡಿದ ಇನ್ನೊಂದು ಕಾರ್ಡ್ ಡ್ರಾಯರಲ್ಲಿ ಇರಲಿ.

ಹೀಟರ್ ಬಗ್ಗೆ ಒಂದು ನೋವಿನ ಅನುಭವ. ನನ್ನದು 300 ವ್ಯಾಟಿನ ಒಂದೇ ಹೀಟರ್ ಇತ್ತು. ಜನವರಿಯ ಒಂದು ರಾತ್ರಿ ಅದರ ಥರ್ಮೋಸ್ಟಾಟ್ ಅಂಟಿಕೊಂಡು ಆಫ್ ಆಗಲೇ ಇಲ್ಲ. ಬೆಳಿಗ್ಗೆ ನೀರು 33 ಡಿಗ್ರಿ. ಐದು ವರ್ಷ ಸಾಕಿದ ಮೀನು ಹೋಯ್ತು. 200 ಲೀಟರಿಗೆ ಒಂದು ಯೂನಿಟ್ ಕರೆಂಟ್ ಸೇರಿದರೆ ನೀರು ನಾಲ್ಕು ಡಿಗ್ರಿ ಏರುತ್ತೆ, ಲೆಕ್ಕ ಅಷ್ಟು ಬಿಗಿ. ಅದಕ್ಕೆ ಈಗ 100 ವ್ಯಾಟಿನ ಎರಡು ಇಟ್ಟಿದ್ದೇನೆ. ಒಂದು ಅಂಟಿಕೊಂಡರೂ ಟ್ಯಾಂಕ್ ಬೇಯೋದಿಲ್ಲ, ಒಂದು ಸತ್ತರೂ ಪೂರ್ತಿ ತಣ್ಣಗಾಗೋದಿಲ್ಲ. ಹೀಟರಿನ ಗುಂಡಿ 27ಕ್ಕೆ, ಹೊರಗಿನ ಇಂಕ್‌ಬರ್ಡ್ ಥರ್ಮೋಸ್ಟಾಟ್ 25.5ಕ್ಕೆ. ಕಂಟ್ರೋಲರ್ ಇವೆರಡರ ಮೇಲೆ ಕಣ್ಣಿಡುತ್ತೆ, ಅಷ್ಟೇ.

ಹೂಮಳೆ (ಗೋಣಿಕೊಪ್ಪ)

ನೀರು ತಾನೇ ತುಂಬಿಸೋ ಪಂಪ್ ಹಾಕಿದರೆ ಸಿಹಿನೀರಿನ ಡಬ್ಬ 10 ಲೀಟರ್ ಮೀರಬಾರದು. ನೀರಿನ ಮಟ್ಟ ನೋಡೋ ಸೆನ್ಸರ್ ಮೇಲೆ ಬಸವನಹುಳು ಕೂತು ಡಬ್ಬ ಪೂರ್ತಿ ಖಾಲಿಯಾದರೂ ಉಪ್ಪು ಸಾವಿರಕ್ಕೆ 35ರಿಂದ 33ರ ಹತ್ತಿರಕ್ಕೆ ಇಳಿಯುತ್ತೆ, ಎಲ್ಲ ಬದುಕುತ್ತವೆ. 50 ಲೀಟರ್ ಡ್ರಮ್ ಇಟ್ಟಿದ್ದರೆ 28. ಸಂಪ್ ಉಕ್ಕಿ ನೆಲ ಹಾಳಾಗೋದು ಬೇರೆ.

ಮಂಜುಮನೆ (ಮಡಿಕೇರಿ)

ಸರಿ, ಹೀಗೆ ಮಾಡ್ತೇನೆ. ಈ ತಿಂಗಳು ಎರಡು ಹೀಟರ್, ಇಂಕ್‌ಬರ್ಡ್, ಆರ್‌ಸಿಸಿಬಿ, ಡಿಸಿ ವೇವ್‌ಮೇಕರಿಗೆ ಬೇರೆ ಬ್ಯಾಟರಿ. ರೂಟರ್ ಮಾತ್ರ ಇನ್ವರ್ಟರಲ್ಲಿ ಇರಲಿ. ಕಾಫಿ ದುಡ್ಡು ಬಂದ ಮೇಲೆ ರೀಫ್-ಪೈ. ತಂತಿಪೆಟ್ಟಿಗೆ ಸರ್, ಕಾಫಿ ಹೂ ಅರಳಿಸೋ ಬೇಸಿಗೆ ಮಳೆ ಹೊತ್ತಿನ ಸಿಡಿಲಿಗೆ ಏನು ಮಾಡ್ತೀರಿ? ನಮ್ಮಲ್ಲಿ ಹೋದ ಏಪ್ರಿಲಲ್ಲಿ ಟಿವಿ ಸುಟ್ಟಿದೆ.

ತಂತಿಪೆಟ್ಟಿಗೆ (ವಿರಾಜಪೇಟೆ)

ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದಕ್ಕೂ ಅರ್ತಿಂಗ್ ಚೆನ್ನಾಗಿರಬೇಕು. ಆದರೂ ಗುಡುಗು ಹತ್ತಿರ ಬಂದರೆ ನಾನು ಟ್ಯಾಂಕಿನ ಪ್ಲಗ್ ಎಲ್ಲ ಕಿತ್ತು ಇಡ್ತೇನೆ, ಬ್ಯಾಟರಿಯ ಚಾರ್ಜರ್ ಕೂಡ, ವೇವ್‌ಮೇಕರ್ ಒಂದೇ ಬ್ಯಾಟರಿಯಲ್ಲಿ ತಿರುಗ್ತಿರುತ್ತೆ. ಮನೆಯಲ್ಲಿ ಅಮ್ಮನಿಗೂ ಯಾವ ಪ್ಲಗ್ ಅಂತ ತೋರಿಸಿ, ಕೆಂಪು ಟೇಪ್ ಸುತ್ತಿಡಿ.